ಈ ಜಾರ್ ತಂದವರು ಯಾರು? ಹಲವು ಮಾಡ್ಯೂಲುಗಳ ಪ್ರಾಜೆಕ್ಟಿಗೆ ಗ್ರೇಡಲ್

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಜಾವಾ ಅಥವಾ ಕಾಟ್ಲಿನ್ ಪ್ರಾಜೆಕ್ಟಿನಲ್ಲಿ ಹತ್ತು ಹದಿನೈದಕ್ಕಿಂತ ಹೆಚ್ಚು ಮಾಡ್ಯೂಲುಗಳು (ಬೇರೆಬೇರೆಯಾಗಿ ಕಟ್ಟುವ ಭಾಗಗಳು) ಇದ್ದು, ದಿನಾ ಅದರಲ್ಲಿ ಕೈಯಾಡಿಸುವವರು ನಾಲ್ಕೈದು ಜನ ಇದ್ದರೆ, ಗ್ರೇಡಲ್ ಎಂಬ ಬಿಲ್ಡ್ ಟೂಲ್ (ಕೋಡನ್ನೂ ಅದಕ್ಕೆ ಬೇಕಾದ ಲೈಬ್ರರಿಗಳನ್ನೂ ಸೇರಿಸಿ ಪ್ರೋಗ್ರಾಮು ಕಟ್ಟಿಕೊಡುವ ಸಾಧನ) ಕಲಿಯುವುದಕ್ಕೆ ಪಡುವ ಶ್ರಮ ವಸೂಲಾಗುತ್ತದೆ. ಎರಡು ಮೂರು ಮಾಡ್ಯೂಲು ಮಾತ್ರ ಇದ್ದರೆ ಇದೇ ಕೆಲಸದ ಹಳೆಯ ಟೂಲ್ ಮೇವೆನ್ ಸಾಕು, ಬದಲಾಯಿಸುವ ಗೋಜಿಗೆ ಹೋಗಬೇಡಿ. ಗ್ರೇಡಲ್ ಮಾತು ಬಂದಾಗಲೆಲ್ಲ ಜನ ವೇಗದ ಬಗ್ಗೆ ಮಾತಾಡುತ್ತಾರೆ. ವೇಗ ಇದೆ, ನಿಜ. ಆದರೆ ನಾನು ಬಿಲ್ಡ್ ಟೂಲಿನ ಯೋಗ್ಯತೆ ಅಳೆಯುವುದು ಒಂದೇ ಪ್ರಶ್ನೆಯಿಂದ: ಈ ಜಾರ್ (ಜಾವಾ ಲೈಬ್ರರಿಯ ಫೈಲು) ಇಲ್ಲಿಗೆ ಹೇಗೆ ಬಂತು, ಬಂದರೂ ಇದೇ ವರ್ಶನ್ ಯಾಕೆ ಬಂತು? ಇದಕ್ಕೆ ನೇರ ಉತ್ತರ ಕೊಡುವ ಟೂಲ್ ನನಗೆ ಬೇಕು. ಗ್ರೇಡಲ್ ಕೊಡುತ್ತದೆ.

ನಮ್ಮದು ಮೈಸೂರಿನ ಪುಟ್ಟ ಕಂಪನಿ. ಸಗಟು ವ್ಯಾಪಾರಿಗಳ ಲೆಕ್ಕಪತ್ರ, ಸ್ಟಾಕ್, ಜಿಎಸ್‌ಟಿ ರಿಟರ್ನ್ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುತ್ತೇವೆ. ಒಂದೇ ಗಿಟ್ ರೆಪೊಸಿಟರಿ, ಅದರೊಳಗೆ ಮೂವತ್ತಕ್ಕೂ ಹೆಚ್ಚು ಮಾಡ್ಯೂಲು: ಇನ್‌ವಾಯ್ಸ್, ಸ್ಟಾಕ್, ಪಾವತಿ, ವರದಿ, ಎಸ್ಸೆಮ್ಮೆಸ್, ರಾತ್ರಿ ಓಡುವ ಬ್ಯಾಚ್, ಎಲ್ಲರಿಗೂ ಬೇಕಾದ ಕಾಮನ್, ಹೀಗೆ. ಹೆಚ್ಚಿನವು ಸ್ಪ್ರಿಂಗ್ ಬೂಟ್ ಎಂಬ ಜಾವಾ ಫ್ರೇಮ್ವರ್ಕ್ ಮೇಲೆ ನಿಂತಿವೆ, ಕೆಲವು ಬರೀ ಜಾವಾ. ಬಿಲ್ಡ್ ಹೊಣೆ ನನ್ನದು, ನನಗೆ ಇಷ್ಟದ ಕೆಲಸವೂ ಹೌದು. 2023ರಲ್ಲಿ ನಾವು ಮೇವೆನ್‌ನಿಂದ ಗ್ರೇಡಲ್‌ಗೆ ಬಂದೆವು.

ಬರುವುದಕ್ಕೆ ಕಾರಣವಾದ ಘಟನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಹಲವು ಮಾಡ್ಯೂಲುಗಳ ಪ್ರಾಜೆಕ್ಟಿನ ಕಷ್ಟವೆಲ್ಲ ಅದರಲ್ಲಿದೆ. ನಮ್ಮ ವರದಿ ಮಾಡ್ಯೂಲ್ ಜೇಸನ್ ಡೇಟಾ ಓದಿ ಬರೆಯುವ ಜಾಕ್ಸನ್ ಡೇಟಾಬೈಂಡ್ ಲೈಬ್ರರಿಯ 2.15.2 ಬಳಸುತ್ತಿತ್ತು, ಅದರಲ್ಲಿ ಜೇಸನ್‌ಮ್ಯಾಪರ್ ಎಂಬ ಕ್ಲಾಸನ್ನು ಕರೆಯುತ್ತಿತ್ತು. ಆ ಕ್ಲಾಸ್ ಜಾಕ್ಸನ್‌ಗೆ ಬಂದದ್ದೇ 2.10ರಲ್ಲಿ. ರಾತ್ರಿ ಬ್ಯಾಚ್ ಮಾಡ್ಯೂಲಿಗೆ ಎರಡು ಡಿಪೆಂಡೆನ್ಸಿ (ಅದು ನೆಚ್ಚಿಕೊಂಡ ಕೋಡು): ಒಂದು ಈ ವರದಿ ಮಾಡ್ಯೂಲ್, ಇನ್ನೊಂದು ಹೊರಗಿನ ಪಾವತಿ ಸೇವೆಯವರು ತಮ್ಮ ಸೇವೆ ಬಳಸಲೆಂದು ಕೊಟ್ಟ ಲೈಬ್ರರಿ, ಅಂದರೆ ಎಸ್‌ಡಿಕೆ. ಆ ಎಸ್‌ಡಿಕೆ ತನ್ನ ಬೆನ್ನಿಗೆ ಜಾಕ್ಸನ್ 2.9.8 ಕಟ್ಟಿಕೊಂಡು ಬರುತ್ತಿತ್ತು. ಮದುವೆಗೆ ಒಬ್ಬರನ್ನು ಕರೆದರೆ ಅವರ ನೆಂಟರೂ ಜೊತೆಗೆ ಬಂದುಬಿಡುತ್ತಾರಲ್ಲ, ಟ್ರಾನ್ಸಿಟಿವ್ ಡಿಪೆಂಡೆನ್ಸಿ ಎಂದರೆ ಅದೇ.

ಒಂದೇ ಲೈಬ್ರರಿಯ ಎರಡು ವರ್ಶನ್ ಎದುರಾದಾಗ ಮೇವೆನ್ ಪಾಲಿಸುವ ನಿಯಮ ಸರಳ: ಡಿಪೆಂಡೆನ್ಸಿಗಳ ಮರದಲ್ಲಿ ಯಾವುದು ಹತ್ತಿರ ಇದೆಯೋ ಅದಕ್ಕೆ ಗೆಲುವು. ಎರಡೂ ಒಂದೇ ಆಳದಲ್ಲಿದ್ದರೆ ಮೇವೆನ್ನಿನ ಬಿಲ್ಡ್ ಫೈಲಾದ ಪಾಮ್ ಫೈಲಿನಲ್ಲಿ ಯಾವುದನ್ನು ಮೊದಲು ಬರೆದಿದೆಯೋ ಅದು ತಂದದ್ದು ಗೆಲ್ಲುತ್ತದೆ. ಬ್ಯಾಚ್ ಮಾಡ್ಯೂಲಿನಿಂದ ನೋಡಿದರೆ ಎರಡು ಜಾಕ್ಸನ್ನೂ ಎರಡನೇ ಮೆಟ್ಟಿಲಲ್ಲೇ ಇದ್ದವು. ವರದಿಯನ್ನು ಮೊದಲು ಬರೆದಿದ್ದಷ್ಟು ದಿನ 2.15.2 ಬರುತ್ತಿತ್ತು, ಎಲ್ಲ ಚೆನ್ನಾಗಿತ್ತು. ಒಂದು ದಿನ ಪಾಮ್ ಫೈಲನ್ನು ಅಚ್ಚುಕಟ್ಟು ಮಾಡುವ ನೆಪದಲ್ಲಿ ಡಿಪೆಂಡೆನ್ಸಿಗಳು ಅಕ್ಷರಾನುಕ್ರಮಕ್ಕೆ ಬಂದವು, ಎಸ್‌ಡಿಕೆ ಮೇಲೆ ಹೋಯಿತು. ಕಂಪೈಲ್ ಆಯಿತು, ಯಾಕೆಂದರೆ ಬ್ಯಾಚ್‌ನ ಸ್ವಂತ ಕೋಡಿನಲ್ಲಿ ಜೇಸನ್‌ಮ್ಯಾಪರ್ ಹೆಸರೇ ಇಲ್ಲ. ಟೆಸ್ಟುಗಳೂ ಪಾಸಾದವು. ರಾತ್ರಿ ಬ್ಯಾಚ್ ಶುರುವಾಗಿ ವರದಿ ತಯಾರಿಸುವ ಹಂತಕ್ಕೆ ಬಂದಾಗ ಕ್ಲಾಸ್ ಸಿಗಲಿಲ್ಲ ಎಂದು ಬಿದ್ದುಹೋಯಿತು. ಬೆಳಿಗ್ಗೆ ವ್ಯಾಪಾರಿಗಳಿಗೆ ಸ್ಟಾಕ್ ವರದಿ ಹೋಗಿರಲಿಲ್ಲ.

ಸಾಲುಗಳ ಕ್ರಮ ಬದಲಾದರೆ ಪ್ರೋಗ್ರಾಮಿನ ಒಳಗಿನ ಜಾರ್ ಬದಲಾಗುತ್ತದೆ ಎಂಬುದನ್ನು ಕೋಡ್ ರಿವ್ಯೂ ಮಾಡುವ ಯಾರೂ ಊಹಿಸುವುದಿಲ್ಲ. ಮೇವೆನ್‌ನಲ್ಲಿ ಇದಕ್ಕೆ ಮದ್ದು ಇದೆ, ಅದನ್ನು ಮುಚ್ಚಿಡಬಾರದು. ಹಲವು ಮಾಡ್ಯೂಲುಗಳು ಹಂಚಿಕೊಳ್ಳುವ ಪೇರೆಂಟ್ ಪಾಮ್‌ನ ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್ ಭಾಗದಲ್ಲಿ ಜಾಕ್ಸನ್‌ನ ಬಾಮ್ (ಒಟ್ಟಿಗೆ ಹೊಂದುವ ವರ್ಶನ್ನುಗಳ ಪಟ್ಟಿ) ಸೇರಿಸಿದರೆ ಎಲ್ಲ ಕಡೆ ಒಂದೇ ವರ್ಶನ್ ನಿಲ್ಲುತ್ತದೆ. ಎನ್‌ಫೋರ್ಸರ್ ಪ್ಲಗಿನ್ನಿನಲ್ಲಿ ಡಿಪೆಂಡೆನ್ಸಿ ಕನ್ವರ್ಜೆನ್ಸ್ ನಿಯಮ ಹಾಕಿದರೆ ಹೀಗೆ ಎರಡು ವರ್ಶನ್ ಕಂಡ ಕೂಡಲೇ ಬಿಲ್ಡ್ ನಿಲ್ಲುತ್ತದೆ. ಆದರೆ ನಮ್ಮಲ್ಲಿ ಪೇರೆಂಟ್ ಪಾಮ್ ಒಂದೇ ಇರಲಿಲ್ಲ, ಕಾಲಕಾಲಕ್ಕೆ ಬೆಳೆದು ಮೂರಾಗಿತ್ತು. ಬ್ಯಾಚ್ ಮಾಡ್ಯೂಲು ಸ್ಪ್ರಿಂಗ್ ಬೂಟ್ ಅಲ್ಲದ್ದರಿಂದ ಆ ಮೂರರಲ್ಲಿ ಅತಿ ಬಡವಾದ ಪೇರೆಂಟಿಗೆ ಸೇರಿತ್ತು.

ಇದೇ ಪರಿಸ್ಥಿತಿಯಲ್ಲಿ ಗ್ರೇಡಲ್ ಏನು ಮಾಡುತ್ತದೆ? ಮರದಲ್ಲಿ ಎಲ್ಲೇ ಇರಲಿ, ಎಲ್ಲಕ್ಕಿಂತ ಹೊಸ ವರ್ಶನ್ ಆರಿಸುತ್ತದೆ. ಇದೂ ನೂರಕ್ಕೆ ನೂರು ಸುರಕ್ಷಿತ ಎನ್ನಲಾಗದು, ಹೊಸ ವರ್ಶನ್ನಿನಲ್ಲಿ ಹಳೆಯ ಮೆಥಡ್ ತೆಗೆದುಹಾಕಿರುವ ಲೈಬ್ರರಿಗಳೂ ಇವೆ. ಆದರೂ ಸಾಲಿನ ಕ್ರಮಕ್ಕೆ ತಕ್ಕಂತೆ ಉತ್ತರ ಬದಲಾಗುವ ತಾಪತ್ರಯ ಇಲ್ಲ. ಕಟ್ಟುನಿಟ್ಟು ಬೇಕೆಂದರೆ ವರ್ಶನ್ ಜಗಳ ಕಂಡಲ್ಲೇ ಬಿಲ್ಡ್ ಬೀಳಿಸುವ ಆಯ್ಕೆಯೂ ಇದೆ.

ನನ್ನ ಮನಸ್ಸನ್ನು ನಿಜವಾಗಿ ಗೆದ್ದದ್ದು ಡಿಪೆಂಡೆನ್ಸಿ ಇನ್‌ಸೈಟ್ ಎಂಬ ಒಂದು ಕಮಾಂಡು. ಮಾಡ್ಯೂಲಿನ ಹೆಸರು, ರನ್‌ಟೈಮ್ ಕ್ಲಾಸ್‌ಪಾತ್ (ಓಡುವಾಗ ಬೇಕಾಗುವ ಜಾರುಗಳ ಪಟ್ಟಿ), ಲೈಬ್ರರಿಯ ಹೆಸರು ಕೊಟ್ಟು ಕೇಳಿದರೆ ಮೊದಲ ಸಾಲಿನಲ್ಲಿ ಆಯ್ಕೆಯಾದ ವರ್ಶನ್ ಬರುತ್ತದೆ. ಕೆಳಗೆ ಆಯ್ಕೆಗೆ ಕಾರಣ: 2.15.2 ಮತ್ತು 2.9.8 ನಡುವಿನ ಜಗಳ ಬಗೆಹರಿಸಿದ್ದರಿಂದ, ಎಂದು. ಅದರ ಕೆಳಗೆ ಯಾರು ಏನು ಕೇಳಿದ್ದರು ಎಂಬ ಪಟ್ಟಿ: ಎಸ್‌ಡಿಕೆ ಕೇಳಿದ್ದು 2.9.8, ಬಾಣದ ಗುರುತು, ಸಿಕ್ಕಿದ್ದು 2.15.2. ಮರ ಇಲ್ಲಿ ತಲೆಕೆಳಗು, ಲೈಬ್ರರಿಯಿಂದ ಹೊರಟು ನಮ್ಮ ಮಾಡ್ಯೂಲಿನವರೆಗೆ ಬರುತ್ತದೆ. ಮೇವೆನ್‌ನ ಡಿಪೆಂಡೆನ್ಸಿ ಟ್ರೀಯೂ ಮರ ತೋರಿಸುತ್ತದೆ, ವರ್ಬೋಸ್ ಹಾಕಿದರೆ ಯಾವುದನ್ನು ಕೈಬಿಟ್ಟಿತು ಎಂದೂ ಹೇಳುತ್ತದೆ. ಆದರೆ ಬೇರಿನಿಂದ ಕೊಂಬೆಗೆ ಓದಿಕೊಂಡು ಹೋಗಿ, ನಿಯಮ ನೆನಪಿಸಿಕೊಂಡು, ಕಾರಣವನ್ನು ನಾವೇ ಕಟ್ಟಿಕೊಳ್ಳಬೇಕು. ಗ್ರೇಡಲ್ ಕಾರಣವನ್ನೇ ಬರೆದು ಕೈಗೆ ಕೊಡುತ್ತದೆ.

ಇದಕ್ಕೆ ಇನ್ನೊಂದು ಸೊಗಸು ಸೇರಿದೆ. ಯಾವುದಾದರೂ ವರ್ಶನ್ನನ್ನು ನಾವೇ ಕಟ್ಟಿಹಾಕುವಾಗ ಬಿಕಾಸ್ ಎಂದು ಬರೆದು ಪಕ್ಕದಲ್ಲಿ ಕಾರಣ ಹಾಕಬಹುದು. ಅದು ಬರೀ ಕಾಮೆಂಟ್ ಆಗಿ ಫೈಲಿನಲ್ಲಿ ಕೊಳೆಯುವುದಿಲ್ಲ, ಇನ್‌ಸೈಟ್ ಕಮಾಂಡಿನ ಉತ್ತರದಲ್ಲೇ ಕಾಣಿಸಿಕೊಳ್ಳುತ್ತದೆ. ನಮ್ಮ ತಂಡದಲ್ಲಿ ಕಾರಣ ಮತ್ತು ಟಿಕೆಟ್ ನಂಬರು ಇಲ್ಲದ ಯಾವ ಕಟ್ಟುಪಾಡನ್ನೂ ರಿವ್ಯೂನಲ್ಲಿ ಒಪ್ಪುವುದಿಲ್ಲ. ಎರಡು ವರ್ಷದ ಹಿಂದೆ ಕೆಲಸ ಬಿಟ್ಟುಹೋದವರ ನಿರ್ಧಾರವೂ ಇವತ್ತು ಕೇಳಿದರೆ ಅವರ ಮಾತಿನಲ್ಲೇ ಉತ್ತರ ಕೊಡುತ್ತದೆ. ಬೇರೆ ಯಾವ ಸವಲತ್ತೂ ಇಲ್ಲದಿದ್ದರೂ ಇದೊಂದಕ್ಕೇ ನಾನು ಗ್ರೇಡಲ್ ಬಿಡುವುದಿಲ್ಲ.

ಎರಡನೆಯ ದೊಡ್ಡ ಗುಣ ಎಪಿಐ ಮತ್ತು ಇಂಪ್ಲಿಮೆಂಟೇಶನ್ ಎಂಬ ಭೇದ. ಜಾವಾ ಲೈಬ್ರರಿ ಪ್ಲಗಿನ್ ಹಾಕಿದ ಮಾಡ್ಯೂಲಿನಲ್ಲಿ ಡಿಪೆಂಡೆನ್ಸಿಯನ್ನು ಎರಡು ರೀತಿ ಬರೆಯಬಹುದು: ನಮ್ಮನ್ನು ಬಳಸುವವರಿಗೂ ಕಾಣಬೇಕಾದದ್ದು ಎಪಿಐ, ಒಳಗೇ ಉಳಿಯುವುದು ಇಂಪ್ಲಿಮೆಂಟೇಶನ್. ವರದಿ ಮಾಡ್ಯೂಲ್ ಎಕ್ಸೆಲ್ ಫೈಲ್ ಬರೆಯಲು ಅಪಾಚೆ ಪಿಓಐ ಬಳಸುತ್ತದೆ. ಆ ಪಿಓಐ ಕ್ಲಾಸುಗಳು ವರದಿ ಮಾಡ್ಯೂಲಿನ ಪಬ್ಲಿಕ್ ಮೆಥಡ್ಡುಗಳಲ್ಲಿ ಎಲ್ಲೂ ಹೊರಗೆ ಕಾಣಿಸುವುದಿಲ್ಲವಾದರೆ ಅದನ್ನು ಇಂಪ್ಲಿಮೆಂಟೇಶನ್ ಎನ್ನಬೇಕು. ಆಗ ವರದಿಯನ್ನು ಬಳಸುವ ಬ್ಯಾಚ್ ಮಾಡ್ಯೂಲಿಗೆ ಓಡುವಾಗ ಪಿಓಐ ಸಿಗುತ್ತದೆ, ಕಂಪೈಲ್ ಮಾಡುವಾಗ ಕಾಣುವುದಿಲ್ಲ. ಬ್ಯಾಚ್ ಬರೆಯುವವರು ಐಡಿಇ (ಕೋಡ್ ಬರೆಯುವ ಎಡಿಟರ್) ತೋರಿಸಿದ ಮೊದಲ ಇಂಪೋರ್ಟ್ ಒತ್ತಿ ಪಿಓಐ ಒಳಗಿನ ಯಾವುದೋ ಯುಟಿಲಿಟಿ ಕ್ಲಾಸನ್ನು ಎಳೆದುಕೊಳ್ಳುವ ಹಾಗೇ ಇಲ್ಲ. ಮೇವೆನ್‌ನ ಕಂಪೈಲ್ ಸ್ಕೋಪಿನಲ್ಲಿ ಹೀಗೆ ಬೇಲಿ ಹಾಕುವುದು ಕಷ್ಟ, ಅಲ್ಲಿ ಕಂಪೈಲ್ ಎಂದರೆ ಮುಂದಿನವರಿಗೂ ಕಂಪೈಲ್.

ನಾವು ಬದಲಾಯಿಸಿದಾಗ ಈ ಬೇಲಿಯಿಂದಲೇ ಎಷ್ಟೋ ಮಾಡ್ಯೂಲುಗಳು ಕಂಪೈಲ್ ಆಗದೆ ನಿಂತವು. ಎಸ್ಸೆಮ್ಮೆಸ್ ಮಾಡ್ಯೂಲು ಪಾವತಿ ಮಾಡ್ಯೂಲಿನ ಮೂಲಕ ಬಂದ ಎಚ್‌ಟಿಟಿಪಿ ಕ್ಲೈಂಟನ್ನು ಸದ್ದಿಲ್ಲದೆ ಬಳಸುತ್ತಿತ್ತು. ಇನ್‌ವಾಯ್ಸ್ ಮಾಡ್ಯೂಲಿಗೆ ಕಾಮನ್ಸ್ ಲ್ಯಾಂಗ್ ಎಲ್ಲಿಂದ ಬರುತ್ತಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಒಂದೊಂದನ್ನೂ ಹಿಡಿದು, ಯಾರಿಗೆ ಬೇಕೋ ಅವರ ಫೈಲಿನಲ್ಲೇ ಬರೆದೆವು. ಬೇಸರದ ಕೆಲಸ, ಆದರೆ ಪ್ರಾಜೆಕ್ಟಿನ ನಿಜವಾದ ನಕ್ಷೆ ನಮ್ಮ ಕೈಗೆ ಸಿಕ್ಕಿದ್ದು ಆಗಲೇ. ನಿಮ್ಮ ಮಾಡ್ಯೂಲುಗಳನ್ನು ಮೇವೆನ್ ಬಳಸುವವರಿಗಾಗಿ ಪ್ರಕಟಿಸುವುದಿದ್ದರೂ ತೊಂದರೆ ಇಲ್ಲ: ಎಪಿಐ ಎಂದು ಬರೆದದ್ದು ಪಾಮ್‌ನಲ್ಲಿ ಕಂಪೈಲ್ ಸ್ಕೋಪ್ ಆಗುತ್ತದೆ, ಇಂಪ್ಲಿಮೆಂಟೇಶನ್ ರನ್‌ಟೈಮ್ ಸ್ಕೋಪ್ ಆಗುತ್ತದೆ.

ವೇಗ ಹುಟ್ಟುವುದೂ ಹೆಚ್ಚಾಗಿ ಇಲ್ಲಿಂದಲೇ. ಕಾಮನ್ ಮಾಡ್ಯೂಲಿನ ಒಂದು ಮೆಥಡ್ಡಿನ ಒಳಗೆ ಎರಡು ಸಾಲು ಬದಲಾಯಿಸಿದಿರಿ ಎನ್ನಿ. ಹೊರಗೆ ಕಾಣುವ ಸಹಿ (ಮೆಥಡ್ಡಿನ ಹೆಸರು, ಪ್ಯಾರಾಮೀಟರು) ಬದಲಾಗದಿದ್ದರೆ ಅದನ್ನು ನೆಚ್ಚಿದ ಉಳಿದ ಮಾಡ್ಯೂಲುಗಳನ್ನು ಗ್ರೇಡಲ್ ಮತ್ತೆ ಕಂಪೈಲ್ ಮಾಡುವುದಿಲ್ಲ. ಟರ್ಮಿನಲ್ಲಿನಲ್ಲಿ ಒಂದೊಂದು ಟಾಸ್ಕಿನ ಪಕ್ಕ ಅಪ್ ಟು ಡೇಟ್ ಅಥವಾ ಫ್ರಮ್ ಕ್ಯಾಶ್ (ಹಿಂದೆ ಮಾಡಿ ಉಳಿಸಿಟ್ಟದ್ದರಿಂದ) ಎಂದು ಬರುತ್ತಾ ಹೋಗುತ್ತದೆ. ತಾನೇ ಬಿಲ್ಡ್ ಓಡಿಸುವ ಸಿಐ ಸರ್ವರಿಗೂ ನಮ್ಮ ಲ್ಯಾಪ್‌ಟಾಪುಗಳಿಗೂ ಒಂದೇ ರಿಮೋಟ್ ಬಿಲ್ಡ್ ಕ್ಯಾಶ್ ಇಟ್ಟರೆ, ಬೆಳಿಗ್ಗೆ ಮೇನ್ ಬ್ರಾಂಚ್ ಎಳೆದುಕೊಂಡವರಿಗೆ ರಾತ್ರಿ ಸಿಐ ಮಾಡಿದ ಕೆಲಸ ಪುಕ್ಕಟೆ ಸಿಗುತ್ತದೆ. ಪ್ಯಾರಲಲ್ (ಹಲವು ಮಾಡ್ಯೂಲುಗಳನ್ನು ಒಟ್ಟಿಗೆ ಕಟ್ಟುವುದು) ಮತ್ತು ಕ್ಯಾಶ್ ಎರಡೂ ತಾವಾಗಿಯೇ ಶುರುವಾಗುವುದಿಲ್ಲ, ಗ್ರೇಡಲ್ ಪ್ರಾಪರ್ಟೀಸ್ ಫೈಲಿನಲ್ಲಿ ಆನ್ ಮಾಡಬೇಕು. ಮಾಡದೆ ನಿಧಾನ ಎಂದು ಬೈಯುವವರನ್ನು ನೋಡಿದ್ದೇನೆ.

ಮೇವೆನ್ ಕಾಲದಲ್ಲಿ ನಮ್ಮಲ್ಲಿ ದಿನಾ ಕೇಳುತ್ತಿದ್ದ ಮಾತು ಇದು. ಹೊಸದಾಗಿ ಸೇರಿದ ಹುಡುಗಿ ಬಂದು ನಿಲ್ಲುತ್ತಾಳೆ.

“ಮೇಡಮ್, ಕಾಮನ್‌ನಲ್ಲಿ ಫಿಕ್ಸ್ ಮಾಡಿದೆ. ಸ್ಟಾಕ್ ರನ್ ಮಾಡಿದ್ರೆ ಹಳೇದೇ ಬರ್ತಿದೆ.”

“ಕಾಮನ್ ಇನ್‌ಸ್ಟಾಲ್ ಮಾಡಿದ್ಯಾ?”

“ಇಲ್ಲ… ಅದನ್ನೂ ಮಾಡ್ಬೇಕಾ?”

ಮಾಡಲೇಬೇಕು. ಮೇವೆನ್‌ನಲ್ಲಿ ಒಂದೇ ಮಾಡ್ಯೂಲಿನ ಫೋಲ್ಡರಿಗೆ ಹೋಗಿ ಬಿಲ್ಡ್ ಕೊಟ್ಟರೆ, ಪಕ್ಕದ ಮಾಡ್ಯೂಲಿನ ಜಾರನ್ನು ಅದು ನಿಮ್ಮ ಹೋಮ್ ಡೈರೆಕ್ಟರಿಯ ಎಂ2 ಫೋಲ್ಡರಿನಿಂದ ತೆಗೆದುಕೊಳ್ಳುತ್ತದೆ. ಅಲ್ಲಿರುವುದು ಮೊನ್ನೆ ಇನ್‌ಸ್ಟಾಲ್ ಮಾಡಿದ್ದೋ ಹೋದ ತಿಂಗಳದ್ದೋ, ಅದಕ್ಕೆ ಸಂಬಂಧವಿಲ್ಲ. ರೂಟ್‌ನಿಂದ ಪಿಎಲ್ ಮತ್ತು ಎಎಂ ಎಂಬ ಎರಡು ಆಪ್ಷನ್ ಸೇರಿಸಿ ಓಡಿಸಿದರೆ ಬೇಕಾದ ಮಾಡ್ಯೂಲುಗಳನ್ನೆಲ್ಲ ಸರಿಯಾದ ಕ್ರಮದಲ್ಲಿ ಕಟ್ಟುತ್ತದೆ, ಆದರೆ ಇದು ಗೊತ್ತಿರುವವರು ಕಡಿಮೆ. ಅದಕ್ಕೇ ಎಲ್ಲರ ಬೆರಳಿಗೂ ಕ್ಲೀನ್ ಇನ್‌ಸ್ಟಾಲ್ ಎಂಬ ಚಾಳಿ ಅಂಟಿಕೊಂಡಿರುವುದು. ಗ್ರೇಡಲ್‌ನಲ್ಲಿ ಒಂದು ಮಾಡ್ಯೂಲು ಇನ್ನೊಂದನ್ನು ಪ್ರಾಜೆಕ್ಟ್ ಎಂದೇ ಕರೆಯುತ್ತದೆ. ಸ್ಟಾಕ್ ಓಡಿಸಿ ಎಂದರೆ ಕಾಮನ್ ಬದಲಾಗಿದೆಯೇ ಎಂದು ತಾನೇ ನೋಡಿ, ಬದಲಾಗಿದ್ದರೆ ಅದನ್ನು ಮೊದಲು ಕಟ್ಟಿ ಮುಂದೆ ಹೋಗುತ್ತದೆ. ನಡುವೆ ಹಳೆಯ ಜಾರ್ ನುಸುಳಲು ದಾರಿ ಇಲ್ಲ. ಆ ಸಂಭಾಷಣೆ ನಮ್ಮಲ್ಲಿ ಈಗ ನಿಂತುಹೋಗಿದೆ.

ವರ್ಶನ್ ಕ್ಯಾಟಲಾಗ್ ಬಗ್ಗೆ ಹೊಗಳಿಕೆಯೂ ಎಚ್ಚರಿಕೆಯೂ ಎರಡೂ ಹೇಳಬೇಕು. 2022ರ ಗ್ರೇಡಲ್ 7.4ರಲ್ಲಿ ಇದು ಪಕ್ಕಾ ಆಯಿತು. ಗ್ರೇಡಲ್ ಫೋಲ್ಡರಿನಲ್ಲಿ ಒಂದು ಟಾಮಲ್ ಫೈಲು, ಅದರಲ್ಲಿ ವರ್ಶನ್ನು, ಲೈಬ್ರರಿ, ಬಂಡಲ್, ಪ್ಲಗಿನ್ ಎಂದು ನಾಲ್ಕು ಭಾಗ. ಮೂವತ್ತು ಮಾಡ್ಯೂಲುಗಳ ಬಿಲ್ಡ್ ಫೈಲುಗಳಲ್ಲಿ ಎಲ್ಲೂ ವರ್ಶನ್ ನಂಬರು ಬರೆಯಬೇಕಾಗಿಲ್ಲ, ಐಡಿಇಯಲ್ಲಿ ಲಿಬ್ಸ್ ಎಂದು ಚುಕ್ಕಿ ಹಾಕಿದರೆ ಹೆಸರುಗಳು ಉದುರುತ್ತವೆ. ಓದಲು ಬಹಳ ಹಿತ. ಆದರೆ ಇದು ಬರೀ ಹೆಸರುಪಟ್ಟಿ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಕ್ಯಾಟಲಾಗಿನಲ್ಲಿ ಜಾಕ್ಸನ್ 2.15.2 ಎಂದಿದ್ದರೂ ಯಾವುದೋ ಲೈಬ್ರರಿ ಒಳಗಿನಿಂದ ಅದಕ್ಕಿಂತ ಹೊಸದನ್ನು ಕೇಳಿದರೆ ಹೊಸದೇ ಬರುತ್ತದೆ. ಪಟ್ಟಿಯಲ್ಲಿ ಇದೆಯಲ್ಲ ಎಂದು ನಂಬಿ ಕೂರುವಂತಿಲ್ಲ.

ಹಿಡಿತ ಬೇಕಾದರೆ ಪ್ಲಾಟ್‌ಫಾರ್ಮ್ ಎಂಬ ಇನ್ನೊಂದು ಮಾಡ್ಯೂಲು ಮಾಡಿಕೊಳ್ಳಬೇಕು. ಅದರಲ್ಲಿ ಕೋಡ್ ಇರುವುದಿಲ್ಲ, ಬರೀ ವರ್ಶನ್ ಕಟ್ಟುಪಾಡುಗಳು, ಅಂದರೆ ಕನ್‌ಸ್ಟ್ರೇಂಟುಗಳು. ಸ್ಪ್ರಿಂಗ್ ಬೂಟ್‌ನ ಬಾಮ್ ಕೂಡ ಇಲ್ಲಿಗೇ ಸೇರುತ್ತದೆ. ಕನ್‌ಸ್ಟ್ರೇಂಟಿನ ಬುದ್ಧಿವಂತಿಕೆ ಏನೆಂದರೆ, ಆ ಲೈಬ್ರರಿ ಮರದಲ್ಲಿ ಎಲ್ಲೋ ಇದ್ದರೆ ಮಾತ್ರ ಅದು ಮಾತಾಡುತ್ತದೆ. ಇಲ್ಲದ ಮಾಡ್ಯೂಲಿಗೆ ಸುಮ್ಮನೆ ತಂದು ತುರುಕುವುದಿಲ್ಲ.

ಇದರ ಬೆಲೆ ಎಷ್ಟು ಎಂಬುದು 2021ರ ಡಿಸೆಂಬರ್ ನೆನೆದರೆ ಅರ್ಥವಾಗುತ್ತದೆ. ಲಾಗ್‌ಫೋರ್‌ಶೆಲ್ ಎಂಬ, ಲಾಗ್ ಬರೆಯುವ ಲೈಬ್ರರಿಯೊಂದರ ದೋಷ ಹೊರಬಿದ್ದ ತಿಂಗಳು ಅದು. ಲಾಗ್‌ಫೋರ್‌ಜೆ ಕೋರ್‌ನ 2.14.1ರವರೆಗಿನ ವರ್ಶನ್ನುಗಳಿಗೆ ಲಾಗ್ ಸಾಲಿನಲ್ಲಿ ಒಂದು ದುಷ್ಟ ಪದ ಕಳಿಸಿದರೆ ಸಾಕು, ಹೊರಗಿನವರ ಕೋಡು ನಮ್ಮ ಸರ್ವರಿನಲ್ಲಿ ಓಡುತ್ತಿತ್ತು. 2.15.0 ಬಂತು, ಅದೂ ಸಾಲದೆಂದು 2.16.0, ಆಮೇಲೆ 2.17.0, ತಿಂಗಳ ಕೊನೆಗೆ 2.17.1. ಆ ತಿಂಗಳು ನಾವು ಮೇವೆನ್‌ನಲ್ಲಿ, ಮೂರು ಪೇರೆಂಟ್ ಪಾಮ್‌ಗಳ ಜೊತೆ. ಪ್ರತಿ ಬಾರಿಯೂ ಮೂರನ್ನೂ ತಿದ್ದಿ, ಮೂವತ್ತೂ ಮಾಡ್ಯೂಲುಗಳ ಟ್ರೀ ತೆಗೆದು, ಎಲ್ಲಾದರೂ ಹಳೆಯದು ಉಳಿದಿದೆಯಾ ಎಂದು ಕಣ್ಣಿಂದ ಹುಡುಕುವುದು. ಇವತ್ತು ಅಂಥದ್ದೇ ಬಂದರೆ ಪ್ಲಾಟ್‌ಫಾರ್ಮಿನಲ್ಲಿ ಒಂದು ಸಾಲು, ಪಕ್ಕದಲ್ಲಿ ಬಿಕಾಸ್, ಆಮೇಲೆ ಇನ್‌ಸೈಟ್ ಓಡಿಸಿ ಉತ್ತರ ನೋಡಿದರೆ ಆಯಿತು. ಒಂದೇ ಒಂದು ಒಳ್ಳೆಯ ಪೇರೆಂಟ್ ಪಾಮ್ ಇಟ್ಟುಕೊಂಡ ಮೇವೆನ್ ತಂಡವೂ ಇಷ್ಟೇ ಸಲೀಸಾಗಿ ಮಾಡುತ್ತದೆ, ಅದನ್ನು ಒಪ್ಪಬೇಕು.

ಲೈಬ್ರರಿಗಳನ್ನು ಇಳಿಸಿಕೊಳ್ಳುವ ರೆಪೊಸಿಟರಿಗಳ ವಿಷಯದಲ್ಲಿ ಒಂದೇ ಮಾತು: ಸೆಟ್ಟಿಂಗ್ಸ್ ಫೈಲಿನಲ್ಲಿ ಒಮ್ಮೆ ಬರೆದು, ಮಾಡ್ಯೂಲುಗಳು ತಮ್ಮದೇ ರೆಪೊಸಿಟರಿ ಸೇರಿಸಿದರೆ ಬಿಲ್ಡ್ ಬೀಳುವಂತೆ ಮಾಡಿ. 2021ರಲ್ಲಿ ಬಿನ್‌ಟ್ರೇ ಮುಚ್ಚಿ ಅದರ ಜೆಸೆಂಟರ್ ಎಂಬ ರೆಪೊಸಿಟರಿ ಹೊಸದನ್ನು ತೆಗೆದುಕೊಳ್ಳುವುದು ನಿಲ್ಲಿಸಿದಾಗ, ಆ ಹೆಸರು ಒಂದೊಂದು ಮಾಡ್ಯೂಲಿನಲ್ಲೂ ಚದುರಿದ್ದವರಿಗೆ ಎಷ್ಟು ಕಷ್ಟವಾಯಿತೆಂದು ಆಂಡ್ರಾಯ್ಡ್ ಮಾಡುವ ಗೆಳೆಯರನ್ನು ಕೇಳಿ.

ಇನ್ನು ದೋಷಗಳು. ಗ್ರೇಡಲ್‌ನ ದೊಡ್ಡ ಅಪಾಯ ಅದರ ಶಕ್ತಿಯಲ್ಲೇ ಇದೆ. ಬಿಲ್ಡ್ ಫೈಲು ಪೂರ್ತಿ ಪ್ರೋಗ್ರಾಮು, ಗ್ರೂವಿಯಲ್ಲೋ ಕಾಟ್ಲಿನ್‌ನಲ್ಲೋ ಏನು ಬೇಕಾದರೂ ಬರೆಯಬಹುದು. ಇಫ್ ಎಲ್ಸ್, ಲೂಪು, ಸರ್ವರಿನಿಂದ ಫೈಲು ತರುವುದು, ಎಲ್ಲ. ಶಿಸ್ತಿಲ್ಲದ ತಂಡದಲ್ಲಿ ಮೂವತ್ತು ಮಾಡ್ಯೂಲಿಗೆ ಮೂವತ್ತು ತರಹದ ಬಿಲ್ಡ್ ಆಗುತ್ತದೆ. ಮೇವೆನ್‌ನ ಎಕ್ಸ್‌ಎಂಎಲ್ ಉದ್ದವಾದರೂ ಯಾರದೇ ಪ್ರಾಜೆಕ್ಟ್ ತೆರೆದರೂ ಯಾವುದು ಎಲ್ಲಿದೆ ಎಂದು ಗೊತ್ತಾಗುತ್ತದೆ. ಹತ್ತು ವರ್ಷ ಹಳೆಯ ಪಾಮ್ ಇವತ್ತೂ ಹೆಚ್ಚು ಗಲಾಟೆಯಿಲ್ಲದೆ ಓಡುತ್ತದೆ. ಗ್ರೇಡಲ್‌ಗೆ ಆ ಮಾತು ಹೇಳಲಾರೆ. ಕಂಪೈಲ್ ಎಂಬ ಹಳೆಯ ಕಾನ್ಫಿಗರೇಶನ್ 7.0ರಲ್ಲಿ ಹೋಯಿತು. 9.0 ಓಡಿಸಲು ಜಾವಾ 17 ಇರಲೇಬೇಕು. ಪ್ರತಿ ದೊಡ್ಡ ಬಿಡುಗಡೆಗೂ ಏನಾದರೂ ತಿದ್ದಬೇಕು, ಬಿಲ್ಡ್ ಮುಗಿದಾಗ ಕೆಳಗೆ ಡೆಪ್ರಿಕೇಟೆಡ್ ಎಂಬ ಎಚ್ಚರಿಕೆ ಬರುತ್ತಲೇ ಇರುತ್ತದೆ. ನೆಟ್ಟಿನಲ್ಲಿ ಸಿಗುವ ಉತ್ತರಗಳಲ್ಲಿ ಬಹುಪಾಲು ಹಳೆಯ ಗ್ರೂವಿಯವು, ಹೊಸಬರು ಅದನ್ನು ನಕಲಿಸಿ ಕಾಟ್ಲಿನ್ ಫೈಲಿಗೆ ಅಂಟಿಸಿ ಕೆಂಪು ಗೆರೆ ನೋಡುತ್ತಾ ಕೂರುತ್ತಾರೆ.

ಇದಕ್ಕೆ ನಾವು ಮಾಡಿಕೊಂಡ ಕಟ್ಟಳೆ: ಮಾಡ್ಯೂಲಿನ ಬಿಲ್ಡ್ ಫೈಲಿನಲ್ಲಿ ಲಾಜಿಕ್ ಇರಕೂಡದು. ಬಿಲ್ಡ್ ಲಾಜಿಕ್ ಎಂಬ ಪ್ರತ್ಯೇಕ ಇನ್‌ಕ್ಲೂಡೆಡ್ ಬಿಲ್ಡ್ ಇದೆ, ಅದರೊಳಗೆ ಮೂರೇ ಕನ್ವೆನ್ಷನ್ ಪ್ಲಗಿನ್ (ಮಾಡ್ಯೂಲುಗಳು ಹಂಚಿಕೊಳ್ಳುವ ಸೆಟ್ಟಿಂಗುಗಳ ಕಟ್ಟು): ಬರೀ ಜಾವಾ ಲೈಬ್ರರಿಗೊಂದು, ಸ್ಪ್ರಿಂಗ್ ಸರ್ವೀಸಿಗೊಂದು, ಬ್ಯಾಚಿಗೊಂದು. ಜಾವಾ ವರ್ಶನ್, ಟೆಸ್ಟ್ ಸೆಟ್ಟಿಂಗ್, ಪ್ಲಾಟ್‌ಫಾರ್ಮ್ ಎಲ್ಲ ಅದರಲ್ಲಿ. ಸ್ಟಾಕ್ ಮಾಡ್ಯೂಲಿನ ಫೈಲ್ ತೆರೆದರೆ ಮೇಲೆ ಪ್ಲಗಿನ್ನಿನ ಒಂದು ಸಾಲು, ಕೆಳಗೆ ಡಿಪೆಂಡೆನ್ಸಿಗಳ ನಾಲ್ಕೈದು ಸಾಲು, ಅಷ್ಟೇ. ಹಳೆಯ ಪಾಠಗಳಲ್ಲಿ ಕಾಣುವ ಆಲ್‌ಪ್ರಾಜೆಕ್ಟ್ಸ್, ಸಬ್‌ಪ್ರಾಜೆಕ್ಟ್ಸ್ ಎಂಬ ಬ್ಲಾಕುಗಳನ್ನು ದಯವಿಟ್ಟು ಬಳಸಬೇಡಿ. ರೂಟ್‌ನಲ್ಲಿ ಕೂತು ಎಲ್ಲ ಮಾಡ್ಯೂಲುಗಳ ಒಳಗೆ ಕೈಹಾಕುವ ಪದ್ಧತಿ ಅದು, ಮಾಡ್ಯೂಲಿನ ಫೈಲು ಓದಿದವರಿಗೆ ಇದು ಎಲ್ಲಿಂದ ಬಂತು ಎಂದು ತಿಳಿಯುವುದೇ ಇಲ್ಲ.

ಇನ್ನೊಂದು ಕಷ್ಟ ಮೆಮೊರಿ. ಗ್ರೇಡಲ್ ಡೀಮನ್ ಎಂಬ ಪ್ರೋಸೆಸ್ ಹಿನ್ನೆಲೆಯಲ್ಲಿ ಕೂತಿರುತ್ತದೆ, ಕೆಲಸವಿಲ್ಲದಿದ್ದರೂ ಮೂರು ಗಂಟೆ ಕಾದು ಆಮೇಲೆ ಎದ್ದು ಹೋಗುತ್ತದೆ. ಡೀಫಾಲ್ಟ್ ಹೀಪ್ (ಅದಕ್ಕೆ ಸಿಗುವ ಮೆಮೊರಿ) 512 ಎಂಬಿ, ನಮ್ಮಷ್ಟು ದೊಡ್ಡ ಪ್ರಾಜೆಕ್ಟಿಗೆ ಅದು ಸಾಲದು, ಹೆಚ್ಚಿಸಬೇಕು. ಕಾಟ್ಲಿನ್ ಇದ್ದರೆ ಅದರ ಡೀಮನ್ ಬೇರೆ, ಮೇಲೆ ಇಂಟೆಲಿಜೆ ಐಡಿಇ. 8 ಜಿಬಿ ಲ್ಯಾಪ್‌ಟಾಪಿನಲ್ಲಿ ಇವೆಲ್ಲ ಒಟ್ಟಿಗೆ ಉಸಿರಾಡುವುದು ಕಷ್ಟ. 16 ಜಿಬಿ ಇಲ್ಲದವರಿಗೆ ನಾನು ಇದನ್ನು ಧೈರ್ಯವಾಗಿ ಹೇಳುವುದಿಲ್ಲ.

ಕಾನ್ಫಿಗರೇಶನ್ ಕ್ಯಾಶ್ 2023ರ 8.1ರಲ್ಲಿ ಸ್ಥಿರವಾಯಿತು, 9.0ರಿಂದ ಅದನ್ನೇ ಬಳಸಿ ಎಂದು ಗ್ರೇಡಲ್‌ನವರು ಹೇಳುತ್ತಿದ್ದಾರೆ. ಬಿಲ್ಡ್ ಫೈಲುಗಳನ್ನೆಲ್ಲ ಓದಿ ಟಾಸ್ಕುಗಳ ನಕ್ಷೆ ಕಟ್ಟುವ ಹಂತವನ್ನೇ ಇದು ಉಳಿಸಿಡುತ್ತದೆ. ಮಾಡ್ಯೂಲು ಹೆಚ್ಚಿದ್ದಷ್ಟೂ ಲಾಭ ಹೆಚ್ಚು. ಹಳೆಯ ಪ್ಲಗಿನ್ನುಗಳು ಇದಕ್ಕೆ ಒಗ್ಗದೆ ತಕರಾರು ಮಾಡುತ್ತವೆ. ಅಂಥವನ್ನು ಒಂದೊಂದಾಗಿ ಬದಲಾಯಿಸುವ ತಾಳ್ಮೆ ಇದ್ದರೆ ಮಾತ್ರ ಕೈಹಾಕಿ.

ದುಡ್ಡಿನ ಲೆಕ್ಕ: ಗ್ರೇಡಲ್ ಅಪಾಚೆ ಲೈಸೆನ್ಸಿನಲ್ಲಿದೆ, ಉಚಿತ. ಬಿಲ್ಡ್ ಸ್ಕ್ಯಾನ್ ಎಂಬ ಸುಂದರ ವರದಿಯೂ ಉಚಿತ, ಆದರೆ ಅದು ನಿಮ್ಮ ಬಿಲ್ಡಿನ ವಿವರಗಳನ್ನು ಅವರ ಸರ್ವರಿಗೆ ಕಳಿಸುತ್ತದೆ. ಗ್ರಾಹಕರ ಜೊತೆ ಗೋಪ್ಯತೆ ಒಪ್ಪಂದ ಇದ್ದವರು ಮೊದಲು ಕೇಳಿಕೊಳ್ಳಿ. ಅದನ್ನು ಸ್ವಂತ ಸರ್ವರಿನಲ್ಲಿ ಇಟ್ಟುಕೊಳ್ಳಲು ಬೇಕಾದ ಡೆವಲಾಸಿಟಿಗೆ ದುಡ್ಡು ಕೊಡಬೇಕು. ನಮ್ಮಂಥ ಪುಟ್ಟ ಕಂಪನಿಗೆ ಅದರ ಅವಶ್ಯಕತೆ ಕಂಡಿಲ್ಲ. ಬೇಜೆಲ್ ಹೇಗೆ ಎಂದು ಕೇಳುವವರಿದ್ದಾರೆ. ಗೂಗಲ್ 2015ರಲ್ಲಿ ತೆರೆದಿಟ್ಟ ಆ ಟೂಲು ಹಲವು ಭಾಷೆಗಳ, ಸಾವಿರಗಟ್ಟಲೆ ಟಾರ್ಗೆಟ್ಟುಗಳ ರೆಪೊಸಿಟರಿಗೆ ಸರಿ. ಮೂವತ್ತು ಜಾವಾ ಮಾಡ್ಯೂಲಿಗೆ ಅದರ ಸಾಕಣೆಯೇ ದುಬಾರಿ.

ಬದಲಾಯಿಸುವ ನಿರ್ಧಾರ ಮಾಡಿದ್ದರೆ ಹೀಗೆ ಮಾಡಿ. ಮೇವೆನ್ ಇನ್ನೂ ಓಡುತ್ತಿರುವಾಗಲೇ ಒಂದೊಂದು ಮಾಡ್ಯೂಲಿನ ಡಿಪೆಂಡೆನ್ಸಿ ಪಟ್ಟಿ ತೆಗೆದು, ಹೆಸರಿನ ಕ್ರಮದಲ್ಲಿ ಜೋಡಿಸಿ ಫೈಲಿಗೆ ಹಾಕಿಡಿ. ಗ್ರೇಡಲ್‌ನ ಇನಿಟ್ ಕಮಾಂಡು ಪಾಮ್‌ಗಳನ್ನು ಓದಿ ಆರಂಭದ ಬಿಲ್ಡ್ ಫೈಲುಗಳನ್ನು ಬರೆದುಕೊಡುತ್ತದೆ, ಅದನ್ನು ಕರಡು ಎಂದಷ್ಟೇ ತಿಳಿಯಿರಿ. ಆಮೇಲೆ ಗ್ರೇಡಲ್‌ನ ರನ್‌ಟೈಮ್ ಕ್ಲಾಸ್‌ಪಾತ್ ಪಟ್ಟಿಯನ್ನೂ ಹಾಗೇ ತೆಗೆದು ಎರಡನ್ನೂ ಡಿಫ್ ಮಾಡಿ (ಸಾಲು ಸಾಲಾಗಿ ಹೋಲಿಸಿ). ಹತ್ತಿರದ್ದಕ್ಕೆ ಗೆಲುವು ಎಂಬ ನಿಯಮ ಹೋಗಿ ಹೊಸದಕ್ಕೆ ಗೆಲುವು ಎಂಬ ನಿಯಮ ಬಂದಿರುವುದರಿಂದ ವರ್ಶನ್ನುಗಳು ಬೇರೆಯಾಗಿಯೇ ಇರುತ್ತವೆ. ನಮ್ಮಲ್ಲಿ ಆ ಡಿಫ್ ಫೈಲನ್ನು ಗೋಡೆಯ ಪರದೆಗೆ ಹಾಕಿ ಇಡೀ ತಂಡ ಕೂತು ಓದಿತು. ಒಂದೊಂದು ಸಾಲಿಗೂ ಹೊಸದನ್ನು ಒಪ್ಪುತ್ತೇವೋ, ಹಳೆಯದನ್ನೇ ಪ್ಲಾಟ್‌ಫಾರ್ಮಿನಲ್ಲಿ ಕಟ್ಟುತ್ತೇವೋ ಎಂದು ತೀರ್ಮಾನಿಸಿ, ಕಟ್ಟಿದ್ದಕ್ಕೆಲ್ಲ ಅಲ್ಲೇ ಕಾರಣ ಬರೆದೆವು. ಆ ಪಾವತಿ ಎಸ್‌ಡಿಕೆಯ ಸಾಲು ಬಂದಾಗ ಅದನ್ನು ಕೊಟ್ಟವರಿಗೆ ಮೇಲ್ ಹಾಕಿ ಹೊಸ ಜಾಕ್ಸನ್ ಜೊತೆ ಪರೀಕ್ಷಿಸಿದ್ದೀರಾ ಎಂದು ಕೇಳಿದೆವು, ಅವರ ಉತ್ತರ ಬರುವ ತನಕ ಬ್ಯಾಚ್ ಮಾಡ್ಯೂಲನ್ನು ಮೇವೆನ್‌ನಲ್ಲೇ ಉಳಿಸಿಕೊಂಡೆವು.